ಮೂವತ್ತೈದು ಮಾರು ಆಳಕ್ಕೆ ಒಂದು ಟ್ಯಾಂಕ್

ಕಾಟಿಪಳ್ಳದ ಅಯ್ಯೂಬ್ ಒಬ್ಬನೇ ಕೂರುವಂಥ ಸಬ್‌ಮರೀನ್ ಮಾಡುತ್ತಿದ್ದಾನೆ ಎಂದಾಗ ಊರು ನಕ್ಕಿತು. ನಗಲಿ ಬಿಡಿ, ನಗುವುದಕ್ಕೆ ಯಾರ ಅಪ್ಪಣೆ ಬೇಕು? ಇಪ್ಪತ್ತೆರಡು ವರ್ಷ ಗಲ್ಫಿನ ಹಡಗು ರಿಪೇರಿ ಯಾರ್ಡಿನಲ್ಲಿ ವೆಲ್ಡಿಂಗ್ ಮಾಡಿ ಬಂದವನು, ಐವತ್ತಾರರ ಪ್ರಾಯದಲ್ಲಿ ಸುಮ್ಮನೆ ಕೂತು ಉಣ್ಣುವುದು ಬಿಟ್ಟು ಅಂಗಳದಲ್ಲಿ ಕಬ್ಬಿಣ ಕುಟ್ಟುತ್ತಿದ್ದರೆ ಯಾರಿಗಾದರೂ ನಗು ಬಂದೀತು. ಆದರೆ ನಕ್ಕವರಲ್ಲಿ ಎಷ್ಟು ಮಂದಿ ಅವನ ತಮ್ಮ ಝಿಯಾದನ ಸುದ್ದಿ ಬಂದ ದಿನ ಆ ಮನೆಯ ಮೆಟ್ಟಿಲು ಹತ್ತಿದ್ದರು ಎಂದು ಕೇಳಿ ನೋಡಿ. ಮುಖ ಆಚೆ ತಿರುಗಿಸುತ್ತಾರೆ.

ಝಿಯಾದ್ ಒಂದು ಸ್ಟೀಲ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು. ಮೂರು ವರ್ಷದ ಹಿಂದೆ ಮೀನು ಹಿಡಿಯಲು ಹೋದ ಆ ಬೋಟು ಅವನೂ ಸೇರಿ ಏಳು ಜನರ ಸಮೇತ ಮುಳುಗಿತು. ಒಬ್ಬನೂ ಬರಲಿಲ್ಲ, ಒಂದು ಹೆಣವೂ ಸಿಗಲಿಲ್ಲ. ತಾಂಡೇಲ ನಿದ್ದೆ ಹೋಗಿ ಬೋಟನ್ನು ತೆರೆಗೆ ಅಡ್ಡ ಬಿಟ್ಟ ಎಂದು ಬೋಟುಗಳು ನಿಲ್ಲುವ ದಕ್ಕೆಯಲ್ಲೆಲ್ಲ ಮಾತಾಯಿತು. ತನಿಖೆಯವರೂ ಹೆಚ್ಚುಕಡಿಮೆ ಅದನ್ನೇ ಬರೆದು ಕೈತೊಳೆದುಕೊಂಡರು. ಅಯ್ಯೂಬ್ ಮಾತ್ರ ಒಪ್ಪಲಿಲ್ಲ. ಅವನ ಲೆಕ್ಕದಲ್ಲಿ ಯಾವುದೋ ದೊಡ್ಡ ಹಡಗು ಗುದ್ದಿ, ನಿಲ್ಲದೆ ಹೋಗಿತ್ತು.

ಉಳಿದವರು ಮೆಲ್ಲಗೆ ಮರೆತರು. ಸುರತ್ಕಲ್ ಮಾರ್ಕೆಟಿನಲ್ಲಿ ಮೀನು ಮಾರುವ ಅಮ್ಮಣಿ ಮರೆಯಲಿಲ್ಲ. ಅವಳ ಒಬ್ಬನೇ ಮಗ ಆ ಬೋಟಿನಲ್ಲಿದ್ದ. ಅಯ್ಯೂಬ್ ಕಣ್ಣಿಗೆ ಬಿದ್ದರೆ ಸಾಕು, ಕೈಯಲ್ಲಿದ್ದ ಬಂಗುಡೆ ಬುಟ್ಟಿಗೆ ಎಸೆದು ಅವನ ತಮ್ಮನಿಗೆ ಶಾಪ ಹಾಕುತ್ತಿದ್ದಳು. ಮಾರ್ಕೆಟ್ ಇಡೀ ಕೇಳುತ್ತಿತ್ತು. ಅವನು ತಲೆ ತಗ್ಗಿಸಿ ದಾಟುತ್ತಿದ್ದ. ಒಂದು ದಿನ ತಡೆಯಲಾಗದೆ ಅವಳ ಮುಂದೆ ನಿಂತ.

“ಬೋಟಿನ ಮೈಗೆ ಗುದ್ದಿದ ಗುರುತು ಉಂಟೋ ಇಲ್ವೋ, ನಾನೇ ಇಳಿದು ನೋಡ್ತೇನೆ ಅಮ್ಮಣಿಯಕ್ಕ. ಇದ್ದದ್ದು ಇದ್ದ ಹಾಗೆ ಬಂದು ಹೇಳ್ತೇನೆ.”

“ನೋಡಿ ಬಾ,” ಎಂದಳು ಅಮ್ಮಣಿ. “ಗುದ್ದಿದ್ದು ಹೌದಾದ್ರೆ ನಿನ್ನ ತಮ್ಮನಿಗೆ ಬೈಯುವುದು ಬಿಡ್ತೇನೆ.”

ಬೋಟು ಬಿದ್ದ ಜಾಗ ಗೊತ್ತಿತ್ತು. ಅಲ್ಲಿ ಬಲೆ ಸಿಕ್ಕಿ ಹರಿಯುತ್ತದೆ ಎಂದು ಮೀನುಗಾರರೆಲ್ಲ ಆ ಜಾಗವನ್ನು ಗುರುತಿಟ್ಟುಕೊಂಡಿದ್ದರು. ಆಳ ಮೂವತ್ತೈದು ಮಾರು, ಅಂದರೆ ಇನ್ನೂರ ಹತ್ತು ಅಡಿ. ಮುಳುಗುಗಾರರನ್ನು ಕೇಳಿದರೆ ಅಷ್ಟು ಕೆಳಗೆ ಸುಮ್ಮನೆ ಸಾಯಲು ಹೋಗುವುದಿಲ್ಲ ಎಂದರು. ಹಗ್ಗಕ್ಕೆ ಕ್ಯಾಮೆರಾ ಕಟ್ಟಿ ಇಳಿಸಿದರೆ ಅದು ಸೆಳೆತಕ್ಕೆ ಗಿರಗಿರ ತಿರುಗಿ ಬರೀ ಕೆಸರು ತೋರಿಸಿತು. ಇನ್ನೇನಿದ್ದರೂ ಕಬ್ಬಿಣದೊಳಗೆ ತಾನೇ ಕೂತು ಇಳಿಯಬೇಕು ಎಂದು ಅಯ್ಯೂಬ್ ನಿಶ್ಚಯಿಸಿದ. ಹೆಂಡತಿ ನಾಝಿಮಾ ಒಬ್ಬ ಹೋದದ್ದು ಸಾಲದೇ ಎಂದು ಒಂದೇ ಸಲ ಕೇಳಿ, ಆಮೇಲೆ ಅಂಗಳದ ಕಡೆಗಿನ ಕಿಟಕಿಯನ್ನೇ ಮುಚ್ಚಿದಳು.

ಸಬ್‌ಮರೀನಿನ ಮೈ ಯಾವುದರಲ್ಲಿ ಮಾಡುವುದು ಎಂಬುದಕ್ಕೇ ಎಂಟು ತಿಂಗಳು ಹೋಯಿತು. ದೋಣಿ ಮಾಡುವವರು ಫೈಬರ್ ಎಂದರು. ಫೈಬರಿನ ಪದರದೊಳಗೆ ಒಂದು ಗಾಳಿಗುಳ್ಳೆ ಉಳಿದರೂ ಹೊರಗಿನಿಂದ ಕಾಣದು, ಬೇಡ. ಸಿಮೆಂಟಿನಲ್ಲಿ ದೋಣಿ ಕಟ್ಟಿದವರುಂಟು, ಆದರೆ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಮುಗಿಯಿತು. ಅಲ್ಯೂಮಿನಿಯಂ ಹಗುರ, ತುಕ್ಕಿನ ಕಾಟವಿಲ್ಲ. ಅಂಗಳದ ಗಾಳಿಯಲ್ಲಿ ಅದಕ್ಕೆ ನಂಬುವಂಥ ವೆಲ್ಡಿಂಗ್ ಕೂರುವುದಿಲ್ಲ. ಕೊನೆಗೆ ಬೈಕಂಪಾಡಿಯ ಗುಜರಿಯಲ್ಲಿ ಒಂದು ಹಳೆಯ ಗಾಳಿ ಟ್ಯಾಂಕ್ ಕಂಡಿತು. ಆಳುದ್ದಕ್ಕಿಂತ ತುಸು ಹೆಚ್ಚು, ಎರಡು ತೋಳಿಗೂ ನಿಲುಕದಷ್ಟು ದಪ್ಪ, ಆರು ಎಂ.ಎಂ. ಸ್ಟೀಲ್. ಅಯ್ಯೂಬ್ ಅದರ ಬೆನ್ನು ಸವರಿ ಸವರಿ ನೋಡಿದ. ಹೆಣ್ಣು ನೋಡಲು ಹೋದಾಗಲೂ ಆ ಮನುಷ್ಯ ಅಷ್ಟು ಹೊತ್ತು ನೋಡಿರಲಿಕ್ಕಿಲ್ಲ.

ಒಂದು ಬದಿ ಎಂದೋ ಬಿದ್ದು ಅಂಗೈಯಗಲ ತಗ್ಗಾಗಿತ್ತು. ಅದಕ್ಕೆ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಯಾರ್ಡಿನಲ್ಲಿ ಕಲಿತ ಪರೀಕ್ಷೆ ಒಂದೇ: ಟ್ಯಾಂಕಿನ ತುಂಬ ನೀರು ತುಂಬು, ಪಂಪು ಹೊಡೆ, ಪ್ರೆಶರ್ ಮೀಟರಿನ ಮುಳ್ಳು ಇಳಿಯುತ್ತದೋ ನೋಡು. ಹತ್ತು ಕೆ.ಜಿ. ಪ್ರೆಶರ್ ಏರಿಸಿ ಒಂದು ಗಂಟೆ ಬಿಟ್ಟ. ಮುಳ್ಳು ಅಲುಗಲಿಲ್ಲ. ಮೂವತ್ತೈದು ಮಾರಿನಲ್ಲಿ ಸಮುದ್ರ ಒತ್ತುವುದು ಆರೂವರೆ. ಹತ್ತು ತಡೆದದ್ದು ಆರೂವರೆ ತಡೆಯದೇ? ಒಳಗಿನಿಂದ ಉಬ್ಬಿಸುವ ನೀರು ಬೇರೆ, ಹೊರಗಿನಿಂದ ಅಮುಕುವ ನೀರು ಬೇರೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಇಪ್ಪತ್ತೆರಡು ವರ್ಷದ ಕೈ ಅದು. ಅದನ್ನು ಅನುಮಾನಿಸುವುದು ಹೇಗೆ?

ಹಾಗೆಂದು ಪೂರಾ ಹುಂಬನಲ್ಲ. ಮೊದಲ ಸಲ ಟ್ಯಾಂಕನ್ನು ಖಾಲಿ ಇಳಿಸಿ ನೋಡೋಣ ಎಂದವನು ಅವನೇ. ಶಾಲೆಯಲ್ಲಿ ಜೊತೆಗೆ ಕಲಿತ ಜೋನ್‌ನ ಬೋಟಿನಲ್ಲಿ, ಒಂದು ಬೆಳಿಗ್ಗೆ, ಮುಚ್ಚಳ ಬಿಗಿದು ಗುಜರಿ ಕಬ್ಬಿಣದ ಭಾರ ಕಟ್ಟಿ ರೋಪಿನಲ್ಲಿ ಬಿಟ್ಟರು. ಹತ್ತು ಮಾರು, ಇಪ್ಪತ್ತು ಮಾರು. ಅಯ್ಯೂಬ್ ಒಳಗೊಳಗೇ ಬಿಸ್ಮಿಲ್ಲಾ ಹೇಳುತ್ತಿದ್ದ. ಇಪ್ಪತ್ತೆಂಟನೇ ಮಾರಿಗೆ ರೋಪು ಜಗ್ಗಿತು, ಕಾಲಡಿಯ ಹಲಗೆಗೆ ಧಡ್ ಎಂದು ಒಂದು ಪೆಟ್ಟು ತಾಗಿತು. ಮೇಲೆ ಬಂದದ್ದು ಟ್ಯಾಂಕ್ ಎಂದು ಹೇಳುವ ಹಾಗಿರಲಿಲ್ಲ. ತಗ್ಗಿದ್ದ ಬದಿ ಪೂರಾ ಒಳಗೆ ಹೋಗಿ ಆಚೆ ಬದಿಗೆ ಅಂಟಿಕೊಂಡಿತ್ತು, ಮಡಿಕೆಯ ಅಂಚಿನಲ್ಲಿ ಸ್ಟೀಲು ಹರಿದಿತ್ತು.

ಜೋನ್ ಬೆವರೊರೆಸಿಕೊಂಡು, “ನೀನು ಒಳಗೆ ಇರ್ಲಿಲ್ಲ, ಅಷ್ಟು ಸಾಕು ಮಾರಾಯ,” ಎಂದ.

ಸಾಕಾಗಲಿಲ್ಲ. ದಕ್ಕೆಗೆ ತಂದು ಇಳಿಸಿದಾಗ ಹತ್ತು ಜನ ಸುತ್ತ ನಿಂತರು. ವಿಷಯ ಗೊತ್ತಿಲ್ಲದ ಒಬ್ಬ ಆ ಒಳಗೆ ಹೋದ ಬದಿಯನ್ನು ತಟ್ಟಿ, ಯಾವ ಹಡಗು ಗುದ್ದಿತು ಎಂದು ಕೇಳಿದ. ಅಯ್ಯೂಬನಿಗೆ ಆಗ ಹೊಳೆಯಿತು. ಝಿಯಾದನ ಬೋಟಿಗೂ ಎರಡು ಬದಿಯಲ್ಲಿ ಗಾಳಿ ತುಂಬಿ ಮುಚ್ಚಿದ ಸ್ಟೀಲ್ ಕೋಣೆಗಳಿದ್ದವು. ಹಡಗು ಗುದ್ದಿರಲಿ ಬಿಡಲಿ, ಮುಳುಗುವಾಗ ಸಮುದ್ರ ಅವನ್ನು ಹೀಗೆಯೇ ಒಳಗೆ ತಳ್ಳಿ ಹರಿದಿರುತ್ತದೆ. ಎಷ್ಟು ಗಟ್ಟಿ ಲೋಹ ತಂದು, ಎಷ್ಟು ಆಳಕ್ಕೆ ಇಳಿದು, ಮೂಗು ತಾಗಿಸಿ ನೋಡಿದರೂ ಅದು ಹಡಗಿನ ಪೆಟ್ಟೋ ನೀರಿನ ಪೆಟ್ಟೋ ಎಂದು ಅವನ ಕಣ್ಣಿಗೆ ತಿಳಿಯದು. ಅಲ್ಲೇ ಕಟ್ಟೆಯ ಮೇಲೆ ಕೂತ. ಮನೆಗೆ ಹೋದರೆ ನಾಝಿಮಾಗೆ ಹೇಳಬೇಕು, ಆಮೇಲೆ ಅಮ್ಮಣಿಗೂ ಹೇಳಬೇಕು.

ಮರುದಿನ ಸುರತ್ಕಲ್ ಮಾರ್ಕೆಟಿಗೆ ಹೋದ. ಟ್ಯಾಂಕ್ ಅಮುಕಿ ಹೋದದ್ದು, ಇಳಿದು ನೋಡಿದರೂ ಇನ್ನು ಗೊತ್ತಾಗದು ಎಂಬುದು, ಯಾವುದನ್ನೂ ಬಚ್ಚಿಡದೆ ಹೇಳಿದ. ಬೇಕಿದ್ದರೆ ಗುದ್ದಿದ ಗುರುತು ಕಂಡೆ ಎಂದು ಒಂದು ಸುಳ್ಳು ಹೇಳಬಹುದಿತ್ತು. ಅವನ ನಾಲಿಗೆ ಹೊರಳಲಿಲ್ಲ. ಅಮ್ಮಣಿ ಕೇಳುತ್ತಾ ಬೂತಾಯಿ ಮೀನಿನ ಮೇಲೆ ನೀರು ಚಿಮುಕಿಸುತ್ತಿದ್ದಳು. ಈ ಸಲ ದನಿ ಏರಿಸಲಿಲ್ಲ.

“ಹಾಗಾದ್ರೆ ನಿನ್ನ ತಮ್ಮನೇ ಕೊಂದದ್ದು ಅಂತ ಇಟ್ಕೊಳ್ತೇನೆ ಅಯ್ಯೂಬ್. ಸಮುದ್ರಕ್ಕೆ ಬೈದು ನಾನು ಬದುಕ್ಲಿಕ್ಕೆ ಆಗುದಿಲ್ಲ. ಯಾರಾದ್ರೂ ಒಬ್ಬ ಬೇಕಲ್ಲ ನಂಗೆ.”

ಅಯ್ಯೂಬ್ ಆಯ್ತು ಎಂದ. ಬೇರೆ ಏನು ಹೇಳಿಯಾನು?