ಬುರುಜಿನ ಕೆಳಗಿನ ಕಲ್ಲು

ಮಕ್ತಲದ ಆಚೆ ಕಲ್ಲುಗುಡ್ಡದ ಮೇಲೊಂದು ಹಾಳುಕೋಟೆಯಿತ್ತು. ಗದ್ವಾಲದ ಕೋಟೆಯ ನೆರಳಲ್ಲಿ ಬೆಳೆದ ನನಗೆ ಅದು ಕೋಟೆಯೆಂದೇ ಅನ್ನಿಸಲಿಲ್ಲ. ಅರ್ಧ ಕುಸಿದ ಬುರುಜು, ಬಿರುಕುಬಿಟ್ಟ ಗೋಡೆ, ಸೀತಾಫಲದ ಪೊದೆ, ಅಷ್ಟೇ. ಬುಡದಲ್ಲಿ ಹಳೆಯ ಹಳ್ಳಿ, ಅದರ ಅಂಚಿಗೆ ಪುಟ್ಟ ಚರ್ಚು. ನಮ್ಮದಿನ್ನೂ ಹೈದರಾಬಾದ್ ರಾಜ್ಯವಾಗಿದ್ದ ಕಾಲ. ನಾನು ನಾರಾಯಣಪೇಟೆಗೆ ಸೊಸೆಯಾಗಿ ಬಂದ ಮರುವರ್ಷ, “ಹುಡುಗಿಗೆ ಕೋಟಿ ತೋರಿಸ್ಕೊಂಡು ಬರ್ತೀನಿ” ಎಂದು ಮನೆಯಲ್ಲಿ ಹೇಳಿ ಅತ್ತೆ ನನ್ನನ್ನು ಕರೆದೊಯ್ದರು. ಸೆರಗಿನಡಿ ಒಂದು ಗಿಂಡಿ ಹಾಲಿತ್ತು.

ದಾರಿಯಲ್ಲಿ ಅತ್ತೆ ಎಲ್ಲವನ್ನೂ ಹೇಳಿದರು. ಪೊಲೀಸ್ ಆಕ್ಷನ್‌ಗೆ ಮುಂಚಿನ ಗಲಾಟೆಯಲ್ಲಿ, ಊರು ಸುಡುತ್ತಾರೆಂಬ ಸುದ್ದಿ ಬಂದಾಗ, ಅತ್ತೆ ಆ ಕೋಟೆಯಲ್ಲಿ ಅಡಗಿದ್ದರು. ಮಡಿಲಲ್ಲಿ ಇನ್ನೂ ತೊಟ್ಟಿಲಿಗೆ ಹಾಕದ, ಹೆಸರಿಡದ ಹೆಣ್ಣುಕೂಸು. ಜ್ವರಕ್ಕೆ ಅದು ಅಲ್ಲೇ ಹೋಯಿತು. ಮಣ್ಣು ಮಾಡಿ, ನರಿ ಕೆದರದಂತೆ ಚಪ್ಪಡಿ ಹೊದಿಸಿ, ಗುರುತಿಗೊಂದು ಉದ್ದ ಕಲ್ಲು ನೆಟ್ಟಿದ್ದರು. ಮೂರನೆಯ ದಿನ ಮಣ್ಣಿನ ಮೇಲೆ ಹಾಲು ಬಿಡುವ ಶಾಸ್ತ್ರಕ್ಕೆ ಅಲ್ಲಿ ನಿಲ್ಲಲಾಗಲಿಲ್ಲ. ಆಮೇಲೆ ಮನೆಯ ಗಂಡಸರು ಆ ಮಾತೆತ್ತಲೂ ಬಿಡಲಿಲ್ಲ.

ಏರುದಾರಿಯಲ್ಲಿ ನಾನು ಏದುಸಿರು ಬಿಟ್ಟೆ.

“ಕಾನ್ವೆಂಟಿನ್ಯಾಗ ಇಂಗ್ಲೀಷ್ ಹಾಡು ಕಲಿಸಿದ್ರು, ಗುಡ್ಡ ಹತ್ತಾಕ ಕಲಿಸಲಿಲ್ಲೇನವ್ವ?” ಅತ್ತೆ ನಕ್ಕರು. ಮೇಲೆ ತಲುಪಿದಾಗ ಆ ನಗು ಉಳಿದಿರಲಿಲ್ಲ.

“ಕೂಸಿನ ತಲಿಕಡೆ ನಿಂತ್ರ, ಗ್ವಾಡಿ ಬಿರುಕಿನ್ಯಾಗ ಪಾದ್ರಿ ಗುಡಿ ಶಿಲುಬಿ ಕಾಣತಿತ್ತು.”

ಬಿರುಕಿನಿಂದ ಬಿರುಕಿಗೆ ಕಣ್ಣಿಟ್ಟು ನೋಡುತ್ತ ಹೋದೆ. ಒಂದರಲ್ಲಿ ಚರ್ಚಿನ ಹೆಂಚು, ಅದರ ಮೇಲೆ ಸುಣ್ಣ ಬಳಿದ ಶಿಲುಬೆ ಕಂಡಿತು. ಕಾನ್ವೆಂಟ್ ಹಾಸ್ಟೆಲಿನ ರೂಢಿಯಿಂದ ಕೈ ತಾನಾಗಿ ಹಣೆಗೆ ಹೋಯಿತು. ತಿರುಗಿದರೆ ಹಿಂದೆಯೇ ಆ ಉದ್ದ ಕಲ್ಲು. ಆದರೆ ಅದರ ಮೈತುಂಬ ಭಂಡಾರದ ಅರಿಸಿನ, ಸುತ್ತ ಕಲ್ಲು ಜೋಡಿಸಿದ ಕಟ್ಟೆ, ಮೇಲೊಂದು ಕರಿಕಂಬಳಿಯ ತುಂಡು.

“ದೂರ ನಿಂದ್ರರೀ ತಾಯಿ!” ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಓಡಿಬಂದ. “ಹೆಣ್ಮಕ್ಕಳು ಕಟ್ಟಿ ಏರಬಾರದು. ನಮ್ಮ ಕುರಿ ಕಾಯೋ ದೇವ್ರು ಬೀರಪ್ಪ ಅದಾನ.”

“ಯಾರು ನಿಲ್ಲಿಸಿದ್ರಪ್ಪ?” ಅತ್ತೆ ಕೇಳಿದರು.

“ಯಾರೂ ಇಲ್ರೀ. ಗಲಾಟಿ ಮುಗಿದ ಮ್ಯಾಲ ಕುರಿ ಹೊಡ್ಕೊಂಡು ಬಂದ್ವಿ, ತಾನ ಎದ್ದು ನಿಂತಿದ್ದ. ಅವತ್ತಿಂದ ಹಟ್ಟಿಗೆ ತೋಳ ಬಂದಿಲ್ಲ ನೋಡ್ರಿ. ಹರಕಿ ಐತೇನು?”

ನಾನು ಬಾಯಿ ತೆರೆದೆ. ಅತ್ತೆ ನನ್ನ ಮುಂಗೈಯನ್ನು ಬಳೆ ಒತ್ತುವಂತೆ ಹಿಡಿದರು.

“ಐತಪ್ಪ. ಹಳೀ ಹರಕಿ. ಹಾಲು ಬಿಡೋದಿತ್ತು.”

ಅವನು ಗಿಂಡಿ ಇಸಿದುಕೊಂಡು ಕಟ್ಟೆ ಏರಿದ.

“ಸಾವಕಾಶ ಬಿಡಪ್ಪ. ಥಂಡಿ ಹತ್ತೀತು.”

“ದೇವರಿಗೆ ಥಂಡಿ ಎಲ್ಲೀದಬೇ!” ಎಂದು ಮುದುಕ ನಕ್ಕ. ಆದರೂ ಸಣ್ಣಗೆ ಧಾರೆ ಮಾಡಿಯೇ ಸುರಿದ. ಹಾಲು ಅರಿಸಿನ ತೊಳೆಯುತ್ತ ಹಳದಿಯಾಗಿ ಇಳಿದು ಚಪ್ಪಡಿಯ ಸಂದಿಗೆ ಸೇರಿತು. ಅದು ಪೂರ್ತಿ ಇಂಗುವವರೆಗೂ ಅತ್ತೆ ಕಣ್ಣು ಕೀಳಲಿಲ್ಲ. ಅವನು ಅವರ ಹಣೆಗೆ ಭಂಡಾರ ಹಚ್ಚಿ ಕಳಿಸಿದ.

ಇಳಿದು ಬಂದು ಅತ್ತೆ ಚರ್ಚಿನ ಬಾವಿಕಟ್ಟೆಯ ಮೇಲೆ ಕೂತರು.

“ಇಷ್ಟು ದಿನ ನನ್ನ ಕೂಸು ಒಬ್ಬಾಕೀನ ಅದಾಳ ಅಂತ ತಿಳಿದಿದ್ದೆ.”

“ಕುರಿಯವ್ರು ಅದಾರಲ್ರೀ ಅತ್ತಿ.”

“ಹೂಂ. ದಿನಾ ಯಾರರ ಬರ್ತಾರ.” ತಮ್ಮ ಅಂಗೈ ನೋಡಿಕೊಂಡು, “ನನಗ ಮುಟ್ಟಾಕ ಆಗಲಿಲ್ಲ ನೋಡು,” ಎಂದರು. ಆಗ ಅವರಿಗೆ ಅಳು ಬಂತು.

ನಾನು ನೀರು ಸೇದಿಕೊಟ್ಟೆ. ಅತ್ತೆ ಕಣ್ಣಷ್ಟೇ ತೊಳೆದುಕೊಂಡರು, ಹಣೆಯ ಭಂಡಾರ ನೆನೆಯದಂತೆ.