ಗುಲಾಮ ರಾಣಿ ಮ್ಯಾಲೆ ಕುಂತಾಗ

ನಿಜಾಮರ ಕಾಲದಾಗ ಒಮ್ಮೆ ನಾರಾಯಣಪೇಟದಿಂದ ಮಕ್ತಲಕ್ಕ, ತಹಶೀಲ್ದಾರರ ಬೇಗಂ ಸಾಹೇಬರಿಗೆ ಸೀರಿ ತೋರಸಾಕ ಹೋಗಿದ್ದೆ. ನನ್ನ ಕೈಯಾರೆ ನೇಯ್ದ ಮೊದಲನೇ ಸೀರಿ ಅದು. "ಇದು ಮಾರಾಟ ಆಗಲಿಲ್ಲಂದ್ರ ಮತ್ತ ಮಗ್ಗಕ್ಕ ಕೂಡಬ್ಯಾಡ," ಅಂದಿದ್ಲು ನಮ್ಮತ್ತಿ.

ಬೇಗಂ ಒಬ್ಬರ ಕುಂತು ಇಸ್ಪೀಟು ಆಡಾಕತ್ತಿದ್ರು. "ಠೈರೋ ಅಮ್ಮಾ, ಸ್ವಲ್ಪ ತಡಿ. ಎಲಿ ಎಲ್ಲಾ ಹೊಂದಿ ಈ ಆಟ ಕೂಡಿದ್ರ ನಿನ್ನ ಸೀರಿ ತಗೋತೀನಿ, ಇಲ್ದಿದ್ರ ಇಲ್ಲ," ಅಂದ್ರು.

ಇನ್ನ ನಾ ಸುಮ್ಮನ ಹೆಂಗ ಕೂಡ್ಲಿ? ಬಗ್ಗಿ ನೋಡಿದೆ. ಏಳು ಸಾಲು ಎಲಿ, ಕೆಲವು ಮುಖ ಕೆಳಗ ಮಾಡಿ ಬೋರಲ ಬಿದ್ದಿದ್ವು. ಕರೇದರ ಮ್ಯಾಲೆ ಕೆಂಪು, ಕೆಂಪಿನ ಮ್ಯಾಲೆ ಕರೇದು, ಒಂದೊಂದು ಕಮ್ಮಿ ಮಾಡ್ತ ಇಳಸ್ತಿದ್ರು. ಎಕ್ಕಾ ಬಂದ್ರ ಬ್ಯಾರೆ ತಗದು, ಅದರ ಮ್ಯಾಲೆ ಅದೇ ಜಾತಿ ಎಲಿ ಒಂದೊಂದಾಗಿ ಏರಸ್ತಿದ್ರು. ಗುಲಾಮನ್ನ ರಾಣಿ ಮ್ಯಾಲೆ ಇಟ್ಟಾಗ ನನಗ ತಡಿಲಿಲ್ಲ.

"ಅಯ್ಯ, ಗುಲಾಮ ಹೋಗಿ ರಾಣಿ ತೊಡಿ ಮ್ಯಾಲೆ ಕೂಡೋದೇನ್ರೀ!"

ಬೇಗಂ ನಕ್ಕರು. "ರಾಣಿ ಬಾದಶಾನ ಮ್ಯಾಲೆ ಕುಂತಾಳಲ್ಲ, ಅದಕ್ಕೇನಂತಿ?"

"ಅದು ಸಂಸಾರ ಬಿಡ್ರಿ!"

ಅಷ್ಟರಾಗ ಆಟ ಬಿಗೀತು. ಅವರ ಕೈ ಸಣ್ಣ ಸಾಲಿನ ಕಡೆ ಹೋತು.

"ಅದು ಬ್ಯಾಡ್ರಿ. ನೂಲು ಸಿಕ್ಕಾದ್ರ ನಾವು ಗಂಟು ದಪ್ಪ ಇದ್ದಲ್ಲಿಂದ ಬಿಡಸ್ತೀವಿ. ಬೋರಲ ಎಲಿ ಹೆಚ್ಚಿದ್ದ ಸಾಲು ಮೊದಲು ಬಿಡಸ್ರಿ. ಖಾಲಿ ಆದ ಜಾಗಾ ಬಾದಶಾಗ ಇಡ್ರಿ."

ಬಿಡಸಿದ್ರು. ಅಡಗಿದ್ದ ಎಕ್ಕಾ ಹೊರಗ ಬಂತು, ಆಟ ಕೂಡೇ ಬಿಡ್ತು!

ಬೇಗಂ ಸೀರಿ ಇಟಗೊಂಡ್ರು. ನಾ ಮತ್ತ ಮಗ್ಗಕ್ಕ ಕುಂತೆ. ಸೀರಿ ಅಂಚು ನೋಡೇ ತಗೊಂಡ್ರು ಅಂತ ಅತ್ತಿ ಓಣಿ ತುಂಬ ಹೇಳಿಕೊಂಡು ತಿರುಗಿದ್ಲು. ನಾ ತಿದ್ದಾಕ ಹೋಗಲಿಲ್ಲ. ಅಂಚೂ ನಂದ, ಆಟಾನೂ ನಂದ.