ಕನ್ನಡಿಯಕ್ಕ ಮತ್ತು ಹೆಬ್ಬೆರಳಿನ ನೀಲಿ

ಬೆಳಗಿನ ಬೆಳಕು ಇನ್ನೂ ಕಿಟಕಿಯ ಗಾಜನ್ನು ದಾಟಿ ಒಳಬಂದಿಲ್ಲ. ಬೆನ್ನುಹುರಿಗೆ ಪೆಟ್ಟುಬಿದ್ದವರ ವಾರ್ಡಿನಲ್ಲಿ ರೋಗಿಗಳನ್ನು ಮಗ್ಗುಲು ಹೊರಳಿಸುವ ಹೊತ್ತು. ಇಬ್ಬರು ದಾದಿಯರು ಹಾಸುಬಟ್ಟೆಯ ಎರಡು ಅಂಚನ್ನು ಹಿಡಿದು, ಒಂದೇ ಉಸಿರಿನಲ್ಲಿ ಎತ್ತಿ, ಒಬ್ಬೊಬ್ಬರನ್ನೂ ಗೋಡೆಯ ಕಡೆಯಿಂದ ಬಾಗಿಲ ಕಡೆಗೆ ತಿರುಗಿಸುತ್ತಿದ್ದಾರೆ. ಹಾಗೆ ತಿರುಗಿದವರ ಕಣ್ಣಿಗೆ ಮೊದಲು ಬೀಳುವುದು ಒಂದು ಮೋಟು ಸ್ಟೂಲು. ಅದರ ಮೇಲೆ, ಕರಿಕೋಟನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕುಳಿತ, ನಡುವಯಸ್ಸು ದಾಟಿದ ಹೆಂಗಸು. ಅವರ ಕೈಯಲ್ಲಿ ಉದ್ದ ಹಿಡಿಯ ಕನ್ನಡಿ.

ವೃತ್ತಿಯಿಂದ ಅವರು ವಕೀಲರು. ಉಚಿತ ಕಾನೂನು ನೆರವಿನ ಕಚೇರಿಯಿಂದ ಈ ವಾರ್ಡಿಗೆ ಬರತೊಡಗಿ ಇಪ್ಪತ್ತು ವರ್ಷವಾಗುತ್ತ ಬಂದಿದೆ. ನ್ಯಾಯಾಲಯದ ಮೊಗಸಾಲೆಯಲ್ಲಿ ಸಹೋದ್ಯೋಗಿಗಳು ಅವರನ್ನು 'ಮಂಚದ ವಕೀಲರು' ಎಂದು ಕುಟುಕುತ್ತಾರೆ. ವಾರ್ಡಿನ ತುಂಬ ಅವರು ಕನ್ನಡಿಯಕ್ಕ.

ಅವರ ಸ್ಟೂಲು ಮೋಟಾಗಿರುವುದಕ್ಕೂ ಅರ್ಥವಿದೆ. ಮಲಗಿದವರ ಕಣ್ಣಿಗೆ ತಮ್ಮ ಕಣ್ಣು ಸಮನಾಗಿರಬೇಕೆಂದು ಅದರ ಕಾಲುಗಳನ್ನು ಅವರೇ ಕೊಯ್ಯಿಸಿದ್ದಾರೆ. ಮುಂಜಾವವನ್ನೇ ಆರಿಸಿಕೊಂಡದ್ದಕ್ಕೂ ಕಾರಣವುಂಟು. "ನೆಂಟರು ಬಂದಮೇಲೆ ರೋಗಿಗೆ ಬಾಯಿ ಇರಲ್ಲ" ಎನ್ನುತ್ತಾರೆ ಅವರು. "ಅವರ ಹಸಿವು, ಅವರ ನೋವು, ಅವರ ಕೇಸು, ಎಲ್ಲಾ ಬೇರೆಯವರೇ ಹೇಳ್ತಾರೆ. ಪಾಪ, ಪ್ರೀತಿಯಿಂದಲೇ."

ಇನ್ನು ಕನ್ನಡಿ. ಕತ್ತಿನ ಬಳಿ ಬೆನ್ನುಹುರಿಗೆ ಪೆಟ್ಟಾದವನಿಗೆ ತನ್ನ ಕೈಯೇ ಪರದೇಶ. ಅದು ಹಾಸಿಗೆಯ ಯಾವ ಮೂಲೆಯಲ್ಲಿ ಬಿದ್ದಿದೆಯೆಂಬುದೂ ಅವನಿಗೆ ತಿಳಿಯದು. ಸಹಿ ಹಾಕಲಾರದವನ ಹೆಬ್ಬೆಟ್ಟನ್ನು ಯಾರು ಬೇಕಾದರೂ ಹಿಡಿದು ಒತ್ತಿಸಿಕೊಳ್ಳಬಹುದು. ಆದ್ದರಿಂದ ಕನ್ನಡಿಯಕ್ಕ ಮೊದಲು ಕಾಗದವನ್ನು ಓದಿ ಹೇಳುತ್ತಾರೆ. ಆಮೇಲೆ ರೋಗಿಗೆ ಕನ್ನಡಿಯಲ್ಲಿ ಅವನ ಕೈಯನ್ನು ತೋರಿಸುತ್ತಾರೆ. ಅವನು "ಹೂಂ, ಒತ್ತಿ" ಎಂದ ಮೇಲೆಯೇ ಮಸಿ. ಒತ್ತಿದ ಬಳಿಕ ಬೆರಳನ್ನು ಎಣ್ಣೆಬಟ್ಟೆಯಿಂದ ಒರೆಸಿ, ಒರೆಸಿದ ಬೆರಳನ್ನೂ ತೋರಿಸುತ್ತಾರೆ.

ಮಾತಿಗೆ ನಮ್ಮ ಪೂರ್ವಿಕರು ದೇಹದಲ್ಲಿ ಅಗ್ರಸ್ಥಾನವನ್ನು ಕೊಟ್ಟರು. ಕೈಕಾಲುಗಳು ಕೈಬಿಟ್ಟವನಿಗೆ ಉಳಿಯುವ ಸಂಪತ್ತು ಅದೊಂದೇ. ಅದನ್ನೂ ಲೋಕ ಕಸಿಯದಂತೆ ಕಾಯುವುದು ಕನ್ನಡಿಯಕ್ಕನ ಕಾಯಕ.

ಈ ಮುಂಜಾನೆ ಅವರು ಕುಳಿತಿರುವುದು ಒಬ್ಬ ಪೇಂಟರನ ಮಂಚದ ಬಳಿ. ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಒಂದು ಕಂಪನಿಯ ಕಟ್ಟಡದ ಮೇಲೆ ಅದರ ಹೆಸರು ಬರೆಯುವಾಗ ಅಟ್ಟಣೆಯ ಹಲಗೆ ಮುರಿದು ಬಿದ್ದ. ವಯಸ್ಸು ಮೂವತ್ತರ ಆಸುಪಾಸು. ಭುಜದ ಕೆಳಗೆ ಯಾವುದೂ ಅವನ ಮಾತು ಕೇಳುವುದಿಲ್ಲ.

"ಎಲ್ಲಿ, ಮೊದಲು ನಿನ್ನ ಆಸ್ತಿ ನೋಡ್ಕೋ" ಎಂದು ಅವರು ಎಂದಿನಂತೆ ಕನ್ನಡಿಯನ್ನು ಅವನ ಕೈಯತ್ತ ಬಾಗಿಸುತ್ತಾರೆ.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತ ಗಾದೆ ಮಾಡಿದೋನು ನಮ್ಮ ವಾರ್ಡಿಗೆ ಬಂದಿರಲಿಲ್ಲ, ಅಲ್ವಾ ಅಕ್ಕ?" ಎಂದು ನಕ್ಕವನು, ನಗುವನ್ನು ಅರ್ಧಕ್ಕೇ ನಿಲ್ಲಿಸುತ್ತಾನೆ. ಹೆಬ್ಬೆರಳಿನ ತುದಿಯಲ್ಲಿ ಒಂದು ಕಲೆ. ಬಹಳ ಹೊತ್ತು ಅದನ್ನೇ ನೋಡಿ ಹೇಳುತ್ತಾನೆ: "ಇದು ನನ್ನ ನೀಲಿ ಅಲ್ಲ ಅಕ್ಕ. ಬೋರ್ಡಿನ ನೀಲಿ ಹೀಗೆ ನೇರಳೆಗೆ ತಿರುಗಲ್ಲ. ಇದು ಸ್ಟಾಂಪ್ ಪ್ಯಾಡಿಂದು."

ನಿನ್ನೆ ಸಂಜೆ ಅವನ ಬಳಿ ಇದ್ದವರು ಯಾರೆಂದು ಇಬ್ಬರಿಗೂ ಗೊತ್ತು. ಇಬ್ಬರೂ ಆ ಹೆಸರನ್ನು ಎತ್ತುವುದಿಲ್ಲ.

ಶಾಲೆಯ ಮಕ್ಕಳ ವ್ಯಾನು ಓಡಿಸುವ ಅವನ ಅಣ್ಣ ಚಹಾದ ಫ್ಲಾಸ್ಕು ಹಿಡಿದು ಬರುವಾಗ ಕನ್ನಡಿಯಕ್ಕ ಮೆಟ್ಟಿಲ ಬುಡದಲ್ಲೇ ನಿಂತಿರುತ್ತಾರೆ. ಸಂಗತಿ ಹೊರಬರಲು ತಡವಾಗುವುದಿಲ್ಲ. ಪರಿಹಾರಕ್ಕಾಗಿ ಕಂಪನಿಯ ಮೇಲೆ ಹೂಡಿರುವ ದಾವೆಯನ್ನು ಕೈಬಿಟ್ಟರೆ ತಮ್ಮನನ್ನು ಆರೈಕೆ ಕೇಂದ್ರವೊಂದರಲ್ಲಿ ಜೀವವಿರುವವರೆಗೆ ಇರಿಸಿ ನೋಡಿಕೊಳ್ಳುವುದಾಗಿ ಕಂಪನಿಯವರು ಹೇಳಿದ್ದಾರೆ. ತಮ್ಮನ ಪರವಾಗಿ ತೀರ್ಮಾನಿಸುವ ಅಧಿಕಾರ ಅಣ್ಣನದೆಂಬ, ತಮ್ಮನ ಹೆಬ್ಬೆಟ್ಟು ಬಿದ್ದ ಕಾಗದ ಈಗ ಕಂಪನಿಯ ವಕೀಲರ ಕೈಸೇರಿದೆ. ದಾವೆಯಲ್ಲಿ ತಮ್ಮ ಕೇಳಿರುವುದೇ ಬೇರೆ: ನೆಲಮಟ್ಟದ ಮನೆ, ಗಾಲಿಕುರ್ಚಿ ಹಾಯುವಷ್ಟು ಅಗಲದ ಬಾಗಿಲು, ಎತ್ತಿ ಕೂರಿಸಲು ಒಬ್ಬ ಸಹಾಯಕ.

"ಅವನು ನಿದ್ದೆಯಲ್ಲಿದ್ದ ಮೇಡಂ" ಎನ್ನುತ್ತಾನೆ ಅಣ್ಣ, ನೆಲ ನೋಡುತ್ತ. "ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಕೈಗೆ ಹೇಗೂ ಗೊತ್ತಾಗಲ್ಲ ಅಂತ..."

"ಕೈಗೆ ಗೊತ್ತಾಗಲ್ಲಪ್ಪ. ಅವನಿಗೆ ಗೊತ್ತಾಗುತ್ತಲ್ಲ."

ಅಣ್ಣನಿಗೆ ಲೋಭವಿಲ್ಲ, ಇರುವುದು ಭಯ. ಅವರ ಮನೆ ಮಹಡಿಯ ಮೇಲಿದೆ, ಮೆಟ್ಟಿಲು ಇಕ್ಕಟ್ಟು. ಒಮ್ಮೆ ಹಬೆಯಾಡುವ ಫ್ಲಾಸ್ಕನ್ನು, ಒಮ್ಮೆ ತನ್ನ ಎರಡು ಕೈಗಳನ್ನು ನೋಡಿಕೊಂಡು ಅವನು ಕೇಳುತ್ತಾನೆ: "ಒಂದ್ಸಲ ಬಿದ್ದೋನನ್ನ ಎತ್ತುವಾಗ ನಾನೇ ಕೈಜಾರಿಸಿ ಬೀಳಿಸಿದರೆ?"

ಪೊಲೀಸರಿಗೆ ದೂರು ಕೊಡಬೇಕೆಂಬುದು ಕಚೇರಿಯ ಹಿರಿಯರ ಸಲಹೆ. ಕನ್ನಡಿಯಕ್ಕ ಒಪ್ಪುವುದಿಲ್ಲ. ಕೇಸು ಗೆದ್ದು ಅಣ್ಣನನ್ನು ಸೋತರೆ ಆ ಹುಡುಗ ಮರಳುವುದಾದರೂ ಯಾರ ಮನೆಗೆ ಎಂಬುದು ಅವರ ಪ್ರಶ್ನೆ. ತಮ್ಮನ ಹೇಳಿಕೆ ಬರೆದು, ಆ ಕಾಗದಕ್ಕೆ ಆಕ್ಷೇಪಣೆ ಸಲ್ಲಿಸಿ, ಹಾಸಿಗೆಯ ಬಳಿಯೇ ವಿಚಾರಣೆ ನಡೆಸುವಂತೆ ನ್ಯಾಯಾಲಯವನ್ನು ಕೋರುತ್ತಾರೆ. ಅಣ್ಣನಿಗೆ ಮಾತ್ರ ಒಂದು ಕೆಲಸ ಒಪ್ಪಿಸುತ್ತಾರೆ: ನಾಳೆಯಿಂದ ತಮ್ಮನ ಗಡ್ಡ ನೀನೇ ತೆಗಿ, ತೆಗೆಯುವಾಗ ಈ ಕನ್ನಡಿಯನ್ನೂ ನೀನೇ ಹಿಡಿ.

ಮೊದಲ ದಿನ ಸೋಪಿನ ನೊರೆ, ಕತ್ತಿಯ ಸಪ್ಪಳ ಅಷ್ಟೇ. ಎರಡನೆಯ ದಿನ ತಮ್ಮ ಕನ್ನಡಿಯಲ್ಲಿ ಅಣ್ಣನ ಮುಖವನ್ನು ಹುಡುಕಿ, "ಒತ್ತೋದು ಒತ್ತಿದೆ, ನೆಟ್ಟಗೆ ಒತ್ತಬಾರದಿತ್ತಾ? ಅಂಚೆಲ್ಲ ಕದಡಿದೆ" ಎನ್ನುತ್ತಾನೆ. ಅಣ್ಣ ಕತ್ತಿಯನ್ನು ಕೆಳಗಿಟ್ಟು, ತಮ್ಮನ ಹೆಬ್ಬೆರಳನ್ನು ತನ್ನ ಅಂಗಿಯ ತುದಿಯಿಂದ ಉಜ್ಜತೊಡಗುತ್ತಾನೆ. ಬಣ್ಣ ಹೋದಮೇಲೂ ಉಜ್ಜುತ್ತಲೇ ಇರುತ್ತಾನೆ.

ಈ ಕನ್ನಡಿಗೊಂದು ಪೂರ್ವಕಥೆಯಿದೆ. ಕನ್ನಡಿಯಕ್ಕನ ತಾಯಿ ನೂಲಿನ ಗಿರಣಿಯ ಏಣಿಯಿಂದ ಬಿದ್ದು ಹಾಸಿಗೆ ಹಿಡಿದವರು. ವಿಚಾರಣೆಗೆ ಬಂದ ಅಧಿಕಾರಿಗಳು ಗಂಡನನ್ನು ಕೇಳಿದರು, ಭಾವನನ್ನು ಕೇಳಿದರು, ಪಕ್ಕದ ಮನೆಯವರನ್ನೂ ಕೇಳಿದರು. "ಗೋಡೆ ಒಂದನ್ನ ಕೇಳಲಿಲ್ಲ, ಅಮ್ಮನ್ನ ಒಬ್ಬಳನ್ನ ಕೇಳಲಿಲ್ಲ" ಎನ್ನುತ್ತಾರೆ ಮಗಳು. ಆಗ ಅವರು ಲಂಗ ತೊಡುವ ಹುಡುಗಿ. ಅಮ್ಮನ ತಲೆ ಬಾಚಿ ಕನ್ನಡಿ ಹಿಡಿಯುವುದು ಅವರ ಪಾಲಿನ ಕೆಲಸ. "ಬೈತಲೆ ಸೊಟ್ಟ ಆಯ್ತು, ಬಿಚ್ಚಿ ತೆಗಿ ಅಂತ ಬೈಯೋಳು. ಇಡೀ ಮನೇಲಿ ಅದೊಂದರಲ್ಲೇ ಅವಳ ಮಾತು ನಡೀತಿದ್ದುದು."

ಹಗಲೆಲ್ಲ ಟೈಪಿಸ್ಟ್ ಆಗಿ ದುಡಿದು, ಸಂಜೆಯ ಕಾಲೇಜಿನಲ್ಲಿ ಕಾನೂನು ಓದಿದವರು ಅವರು. ಈ ಕೇಸುಗಳಲ್ಲಿ ಹೆಸರು ಬರುವುದಿಲ್ಲ. ತೀರ್ಪು ಬರುವಷ್ಟರಲ್ಲಿ ಕೆಲವು ಕಕ್ಷಿದಾರರೇ ಇರುವುದಿಲ್ಲ. ಗಡಿಯಾರ ರಿಪೇರಿ ಮಾಡುವ ಪತಿ, ಹಿಡಿ ಮುರಿದಿದ್ದ ಅಮ್ಮನ ಆ ಕನ್ನಡಿಗೆ ಉದ್ದನೆಯ ಹಿಡಿ ಕೂರಿಸಿಕೊಟ್ಟವರು, ಆಗಾಗ ಕೇಳುವುದುಂಟು: "ನಮ್ಮ ಮನೆ ಕೇಸು ವಿಚಾರಣೆಗೆ ಬರೋದು ಯಾವಾಗ ತಾಯಿ?"

ವಿಚಾರಣೆಯ ದಿನ ನ್ಯಾಯಾಧೀಶರು ವಾರ್ಡಿಗೇ ಬರುತ್ತಾರೆ. ಕಂಪನಿಯ ವಕೀಲರು ಹೆಬ್ಬೆಟ್ಟಿನ ಕಾಗದವನ್ನು ಮುಂದಿಡುತ್ತಾರೆ. ನಿಂತವರನ್ನು ಕೇಳುವುದು ಲೋಕದ ರೂಢಿ. ನ್ಯಾಯಾಧೀಶರೂ ಮಂಚದ ಮೇಲಿಂದ ದೃಷ್ಟಿ ಹಾಯಿಸಿ ಅಣ್ಣನನ್ನೇ ಕೇಳುತ್ತಾರೆ, ಇವರ ಇಚ್ಛೆ ಏನೆಂದು. ಕನ್ನಡಿಯಕ್ಕ ಅಣ್ಣನತ್ತ ನೋಡುತ್ತಾರೆ. ಕನ್ನಡಿ ಅಣ್ಣನ ಕೈಯಲ್ಲಿದೆ.

"ನನ್ನ ಕೇಳಬೇಡಿ ಸ್ವಾಮಿ" ಎನ್ನುತ್ತಾನೆ ಅವನು. "ಅವನು ಇಲ್ಲೇ ಇದ್ದಾನೆ. ಆ ಹೆಬ್ಬೆಟ್ಟು ಒತ್ತಿದ್ದು ನಾನು, ಅವನಲ್ಲ. ಅವನನ್ನ ಕೇಳಿ."

ನ್ಯಾಯಾಧೀಶರು ಮೋಟು ಸ್ಟೂಲನ್ನು ತಾವೇ ಎಳೆದುಕೊಂಡು ಕೂರುತ್ತಾರೆ. ಪೇಂಟರ್ ಹೇಳುತ್ತಾನೆ: "ಆ ಕೇಂದ್ರದಲ್ಲಿ ಎಲ್ಲಾ ಚೆನ್ನಾಗಿ ನೋಡ್ಕೋತಾರಂತೆ ಸ್ವಾಮಿ. ಆದರೆ ಅಲ್ಲಿ ನನ್ನ ಜೊತೆ ಜಗಳ ಆಡೋರು ಯಾರು? ಮನೇಲಿ ಅತ್ತಿಗೆ ಇದ್ದಾರೆ. ನನಗೆ ಮನೆ ಬೇಕು."

ಕಾಗದ ಅಸಿಂಧುವಾಗುತ್ತದೆ, ದಾವೆ ಮುಂದುವರಿಯುತ್ತದೆ. ತೀರ್ಪಿಗೆ ಇನ್ನೂ ಕಾಲವಿದೆ, ಅದು ಹೇಗೆ ಬರುವುದೋ ದೇವರೇ ಬಲ್ಲ. ಆದರೆ ಬಾಗಿಲ ಅಗಲ ಎಷ್ಟಿರಬೇಕೆಂದು ಅಣ್ಣತಮ್ಮಂದಿರು ಆಗಲೇ ವಾದಕ್ಕಿಳಿದಿದ್ದಾರೆ.

ಕನ್ನಡಿಯಕ್ಕ ಗಾಜಿನ ಮೇಲಿನ ಸೋಪಿನ ಕಲೆಯನ್ನು ಸೆರಗಿನಿಂದ ಒರೆಸಿ ಎದ್ದು ನಿಲ್ಲುತ್ತಾರೆ. ಇಷ್ಟು ವರ್ಷದ ದುಡಿಮೆಗೆ ಏನು ಬಯಸುತ್ತೀರೆಂದು ಕೇಳಿದರೆ, ಪಕ್ಕದ ಮಂಚದ ಕಡೆ ಸ್ಟೂಲನ್ನು ಕಾಲಿನಿಂದ ಸರಿಸುತ್ತ, ಯೋಚಿಸಿ ಹೇಳುತ್ತಾರೆ:

"ಈ ಕನ್ನಡಿ ಬರೀ ಬೈತಲೆ ನೋಡೋಕೆ ಬೇಕಾಗೋ ದಿನ ಬರಲಿ. ನನಗೆ ಈಗ ನೆಟ್ಟಗೆ ತೆಗೆಯೋಕೆ ಬರುತ್ತೆ."